ಚೆಲುವನ್ನು ಅದರದೇ ಅಳತೆಗೋಲಿನಿಂದ ನೋಡುವ ಬಗೆ: ಹಾಸನ ಜಿಲ್ಲೆಯಲ್ಲಿ ಎರಡು ದಿನಗಳ ಅಭ್ಯಾಸ

ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿ ಮನೆ ಮುಟ್ಟಿಸುವ ಪ್ರವಾಸದ ಬಸ್ಸಿನಲ್ಲಿ ನಾನೂ ಹೋಗಿ ಬಂದಿದ್ದೇನೆ. ಹಿಂದಿರುಗುವಾಗ ಬಸ್ಸಿನೊಳಗೆ ಕೇಳಿಬಂದ ಮಾತು ಹೆಚ್ಚುಕಡಿಮೆ ಒಂದೇ: ಎಲ್ಲವೂ ಬಹಳ ಸುಂದರವಾಗಿತ್ತು. ಮೈಮೇಲೆ ನೂಲಿನ ಎಳೆಯೂ ಇಲ್ಲದೆ ನಿಂತ ಗೊಮ್ಮಟ, ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಿರುವ ಬೇಲೂರಿನ ಮದನಿಕೆ, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿರುವ ಹಳೇಬೀಡಿನ ಉಗ್ರನರಸಿಂಹ, ಈ ಮೂವರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಒಂದೇ ಜಿಲ್ಲೆಯೊಳಗೆ, ಇನ್ನೂರು ವರ್ಷಗಳ ಒಳಗೆ, ಚೆಲುವು ಎಂದರೇನು ಎಂಬ ಪ್ರಶ್ನೆಗೆ ಕಲ್ಲಿನಲ್ಲಿ ಕೊಟ್ಟ ಬೇರೆ ಬೇರೆ ಉತ್ತರಗಳು ಇಲ್ಲಿವೆ. ಅವುಗಳ ವ್ಯತ್ಯಾಸವನ್ನು ಗುರುತಿಸಿ ನೋಡಲು ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಇದಕ್ಕೆ ಎರಡು ಹಗಲು ಮತ್ತು ಹಾಸನದಲ್ಲೋ ಬೇಲೂರಿನಲ್ಲೋ ಒಂದು ರಾತ್ರಿ ಬೇಕು. ಒಂದು ನೋಟ್ ಪುಸ್ತಕ, ಪೆನ್ಸಿಲ್, ಸಾಧ್ಯವಾದರೆ ಒಂದು ದುರ್ಬೀನು, ಮತ್ತು ಬೆಟ್ಟದ ಬಂಡೆ ಕಾಯ್ದಿರುವ ಹೊತ್ತಿಗೆ ಬರಿಗಾಲು ಸುಡದಂತೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಫೋನಿನ ಕ್ಯಾಮೆರಾವನ್ನು ಪ್ರತಿ ಸ್ಥಳದಲ್ಲೂ ಮೊದಲ ಅರ್ಧ ಗಂಟೆ ಹೊರಗೆ ತೆಗೆಯಬೇಡಿ.

ಹೊರಡುವ ಮೊದಲು ನೋಟ್ ಪುಸ್ತಕದ ಮೊದಲ ಪುಟದಲ್ಲಿ ಸುಂದರ, ಅದ್ಭುತ, ಅಮೋಘ ಎಂಬ ಮೂರು ಪದಗಳನ್ನು ಬರೆದು ಅಡ್ಡಗೀಟು ಹಾಕಿ. ಎರಡು ದಿನ ಅವು ನಿಷಿದ್ಧ. ಅವುಗಳ ಬದಲಿಗೆ ಬಳಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ, ಮತ್ತು ಒಂದೊಂದೂ ಒಂದೊಂದು ಬೇರೆ ವಿಚಾರವನ್ನು ಹೊತ್ತಿದೆ. ಅಂದ ಎಂಬುದಕ್ಕೆ ರೀತಿ, ಬಗೆ ಎಂಬ ಹಳೆಯ ಅರ್ಥವೂ ಇರುವುದರಿಂದ, ಒಂದು ವಸ್ತು ಹೇಗಿರಬೇಕೋ ಹಾಗಿರುವುದು ಅದರ ಅಂದ. ಓರಣವೆಂದರೆ ಸಾಲು ತಪ್ಪದ ಜೋಡಣೆ. ಸೊಬಗಿನ ಹಿಂದೆ ಸೌಭಾಗ್ಯವಿದೆ. ಅಲ್ಲಿ ಚೆಲುವಿಗೆ ಭಾಗ್ಯದ ಕಳೆ ಕೂಡಿಕೊಂಡಿದೆ. ಲಾವಣ್ಯದೊಳಗೆ ಲವಣ, ಅಂದರೆ ಉಪ್ಪು, ಅಡಗಿದೆ. ಸಾರಿನಲ್ಲಿ ಉಪ್ಪು ಇರುವಂತೆ ಎಲ್ಲೆಡೆಯೂ ಇದ್ದು, ಇಗೋ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದ್ದು ಅದು. ಬೆಡಗಿನಲ್ಲಿ ಮೋಹಗೊಳಿಸುವ ಚಮತ್ಕಾರವಿದೆ, ಅರ್ಥವನ್ನು ಮರೆಮಾಡಿ ಆಡುವ ವಚನಗಳನ್ನು ಬೆಡಗಿನ ವಚನಗಳೆಂದು ಕರೆಯುವುದೂ ಅದಕ್ಕೇ. ಅಜ್ಜಿಯೊಬ್ಬಳು ಹುಡುಗಿ ಲಕ್ಷಣವಾಗಿದ್ದಾಳೆ ಎಂದಾಗ ಅವಳು ಬಣ್ಣವನ್ನು ಹೊಗಳುತ್ತಿರುವುದಿಲ್ಲ. ಕಣ್ಣು ಮೂಗು ಇರಬೇಕಾದಲ್ಲಿ ಇರಬೇಕಾದಷ್ಟು ಇವೆ ಎನ್ನುತ್ತಿರುತ್ತಾಳೆ. ಇನ್ನು ಒಪ್ಪ ಎಂಬುದಕ್ಕೆ ಹೊಳಪು ಎಂಬ ಅರ್ಥವೂ ಉಂಟು, ಹೊಂದಿಕೆ ಎಂಬ ಅರ್ಥವೂ ಉಂಟು. ಈ ಏಳು ಪದಗಳನ್ನು ಎರಡನೆಯ ಪುಟದಲ್ಲಿ ಬರೆದುಕೊಳ್ಳಿ. ನೋಡುವ ಪ್ರತಿಯೊಂದು ಶಿಲ್ಪಕ್ಕೂ ಇವುಗಳಲ್ಲಿ ಒಂದನ್ನು ಆರಿಸಿ, ಯಾಕೆ ಆರಿಸಿದಿರಿ ಎಂದು ಒಂದು ಸಾಲು ಬರೆಯುವುದೇ ಈ ಅಭ್ಯಾಸದ ತಿರುಳು. ಯಾವುದೂ ಹೊಂದದಿದ್ದರೆ ಹೊಂದಲಿಲ್ಲವೆಂದೇ ಬರೆಯಿರಿ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಏಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ನಾಡಿನಲ್ಲಿ ಚೆಲುವಿಗೆ ಅಳತೆಗೋಲು ಎಲ್ಲಿಯದು, ಅವರವರ ಕಣ್ಣಿಗೆ ಕಂಡದ್ದು ಅವರವರಿಗೆ ತಾನೆ? ಈ ಜಗಳ ಹಳೆಯದು. ಶುಕ್ರನೀತಿಸಾರವೆಂಬ ಸಂಸ್ಕೃತದ ನೀತಿಗ್ರಂಥ ಎರಡೂ ಪಕ್ಷಗಳನ್ನು ಅಕ್ಕಪಕ್ಕದಲ್ಲೇ ನಿಲ್ಲಿಸುತ್ತದೆ: ಶಾಸ್ತ್ರದ ಪ್ರಮಾಣಕ್ಕೆ ಸರಿಹೊಂದಿದ್ದೇ ರಮ್ಯ, ಬೇರೆಯದಲ್ಲ ಎನ್ನುವುದು ಒಂದು ಮತ, ಯಾರ ಹೃದಯ ಎಲ್ಲಿ ನೆಟ್ಟಿತೋ ಅವರಿಗೆ ಅದೇ ರಮ್ಯ ಎನ್ನುವುದು ಇನ್ನು ಕೆಲವರ ಮತ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಪ್ರಕಟಿಸಿದ ಅಭಿರುಚಿಯ ಕುರಿತ ಪ್ರಬಂಧದಲ್ಲಿ ಇದೇ ಗಂಟನ್ನು ಬಿಡಿಸಲು ಸ್ಪೇನಿನ ಒಂದು ಕಾದಂಬರಿಯಿಂದ ಕತೆಯನ್ನು ಎತ್ತಿಕೊಂಡ. ಒಂದು ಪೀಪಾಯಿಯ ದ್ರಾಕ್ಷಾರಸವನ್ನು ರುಚಿ ನೋಡಿದ ಇಬ್ಬರಲ್ಲಿ ಒಬ್ಬ, ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಇದೆ ಎಂದ. ಇನ್ನೊಬ್ಬ, ಕಬ್ಬಿಣದ ರುಚಿ ಇದೆ ಎಂದ. ನೆರೆದವರೆಲ್ಲ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಕಬ್ಬಿಣದ ಬೀಗದಕೈ ಸಿಕ್ಕಿತು. ರುಚಿ ನಾಲಗೆಯದೇ ಆದರೂ ನಾಲಗೆಗಳೆಲ್ಲ ಒಂದೇ ಮಟ್ಟದವಲ್ಲ, ಅಭ್ಯಾಸದಿಂದ, ಹೋಲಿಸಿ ನೋಡುವುದರಿಂದ, ಪೂರ್ವಗ್ರಹ ಬಿಡುವುದರಿಂದ ಅವು ಹದಗೊಳ್ಳುತ್ತವೆ ಎಂಬುದು ಹ್ಯೂಮನ ವಾದ. ನಮ್ಮ ಕಾವ್ಯಮೀಮಾಂಸೆ ಸಹೃದಯ ಎಂದು ಕರೆಯುವುದು ಬಹುಮಟ್ಟಿಗೆ ಇಂಥ ಹದಗೊಂಡವನನ್ನೇ. ನನ್ನ ಮಟ್ಟಿಗೆ ಹ್ಯೂಮ್ ಅರ್ಧ ದಾರಿ ಮಾತ್ರ ಕರೆದೊಯ್ಯುತ್ತಾನೆ. ಪೀಪಾಯಿಯಲ್ಲಿರುವುದು ದ್ರಾಕ್ಷಾರಸವೋ ಮಜ್ಜಿಗೆಯೋ ಎಂಬುದನ್ನು ಮೊದಲು ತಿಳಿದಿರಬೇಕಲ್ಲ.

ಮೊದಲ ದಿನ ಬೆಳಗ್ಗೆ ಶ್ರವಣಬೆಳಗೊಳದಿಂದ ಆರಂಭಿಸಿ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಿಸಿಲು ಏರುವ ಮುನ್ನ ಹತ್ತಬೇಕು. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಈ ಮೂರ್ತಿ ಸುಮಾರು 58 ಅಡಿ ಎತ್ತರದ್ದು, ಉತ್ತರಕ್ಕೆ ಮುಖಮಾಡಿದೆ. ಹಾಗಾಗಿ ಬೆಳಗಿನ ಬೆಳಕು ಮೂರ್ತಿಯ ಬಲಮಗ್ಗುಲಿಗೆ ಬಿದ್ದು, ಎದುರು ನಿಂತ ನಿಮ್ಮ ಎಡಗಡೆಯಿಂದ ಮುಖದ ಉಬ್ಬುತಗ್ಗುಗಳನ್ನು ಬಿಡಿಸಿ ತೋರಿಸುತ್ತದೆ. ಬೆಟ್ಟದ ಕೆಳಗಿನ ರಸ್ತೆಯಿಂದ ತಲೆ, ಹೆಗಲು ಮಾತ್ರ ಕಂಡು, ಮೇಲೆ ಹೋದಂತೆ ಮರೆಯಾಗಿ, ಕೊನೆಯ ಬಾಗಿಲು ದಾಟಿದಾಗ ಒಮ್ಮೆಲೇ ಇಡೀ ದೇಹ ಎದುರಾಗುತ್ತದೆ. ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅವನ ಹೆಸರನ್ನು ನೆನಪಿಟ್ಟುಕೊಳ್ಳಿ, ಮರುದಿನ ಮತ್ತೆ ಬರುತ್ತದೆ.

ಇಲ್ಲಿ ಮಾಡಬೇಕಾದ ಮೊದಲ ಕೆಲಸ ಅಳೆಯುವುದು. ಕೈ ಚಾಚಿ ಪೆನ್ಸಿಲ್ ಹಿಡಿದು, ಕೂದಲಿನ ಅಂಚಿನಿಂದ ಗಲ್ಲದವರೆಗಿನ ಮುಖದ ಉದ್ದವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತಿಸಿ, ಇಡೀ ದೇಹದಲ್ಲಿ ಅಂಥ ಎಷ್ಟು ಮುಖಗಳು ಹಿಡಿಯುತ್ತವೆ ಎಂದು ಎಣಿಸಿ. ಶಿಲ್ಪಶಾಸ್ತ್ರದಲ್ಲಿ ಈ ಮುಖದ ಉದ್ದವೇ ಒಂದು ತಾಲ, ಹನ್ನೆರಡು ಅಂಗುಲ. ರೋಮಿನ ವಾಸ್ತುತಜ್ಞ ವಿಟ್ರೂವಿಯಸ್ ಕೂಡ ಮುಖ ದೇಹದ ಹತ್ತನೆಯ ಒಂದು ಭಾಗ ಎಂದಿದ್ದಾನೆ, ನಮ್ಮಲ್ಲೂ ದಶತಾಲವಿದೆ. ಲೆಕ್ಕ ಹತ್ತರಲ್ಲಿ ಸಂಧಿಸಿದ ಮಾತ್ರಕ್ಕೆ ಎರಡೂ ಒಂದೇ ಎಂದುಕೊಳ್ಳಬೇಡಿ. ವಿಟ್ರೂವಿಯಸ್ ಹುಡುಕಿದ್ದು ಚೆನ್ನಾಗಿ ರೂಪುಗೊಂಡ ಒಬ್ಬ ಮನುಷ್ಯನ ಪ್ರಮಾಣವನ್ನು. ನಮ್ಮ ಶಿಲ್ಪಿಗಾದರೋ ಯಾರ ಮೂರ್ತಿ ಎಂಬುದರ ಮೇಲೆ ತಾಲ ಬದಲಾಗುತ್ತದೆ. ಗಣಪತಿಗೆ ಐದೇ ತಾಲ. ದಶತಾಲದ ಗಣಪತಿಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡು ನೋಡಿ, ಚೆಲುವಿನ ದೇಹ ಒಂದೇ ಬಗೆಯದು ಎಂಬ ನಂಬಿಕೆ ಅಲ್ಲೇ ಸಡಿಲಗೊಳ್ಳುತ್ತದೆ. ಅಂದಹಾಗೆ, ಗೊಮ್ಮಟನ ಪಾದದ ಬಳಿ ನಿಂತು ಅಳೆದರೆ ನಿಮ್ಮ ಲೆಕ್ಕ ತಪ್ಪುತ್ತದೆ, ಏಕೆಂದರೆ ಎತ್ತರದಲ್ಲಿರುವುದೆಲ್ಲ ಕೆಳಗಿನಿಂದ ಕುಗ್ಗಿ ಕಾಣುತ್ತದೆ. ಅಂಗಳದ ತುದಿಗೆ ಸರಿದು ಮತ್ತೊಮ್ಮೆ ಎಣಿಸಿ, ಎರಡು ಸಂಖ್ಯೆಗಳನ್ನೂ ಬರೆದಿಡಿ. ಹೆಗಲಿನ ಹರವಿಗೆ ಹೋಲಿಸಿದರೆ ಮೊಣಕಾಲಿನ ಕೆಳಗಿನ ಭಾಗ ಗಿಡ್ಡವೆನಿಸುತ್ತದೆ ಎಂಬ ನನ್ನ ದೂರು ಮಾತ್ರ ದೂರ ಸರಿದ ಮೇಲೂ ಹೋಗಿಲ್ಲ.

ಎರಡನೆಯ ಕೆಲಸ ಓದುವುದು. ಸುಮಾರು 1180ರ ಹೊತ್ತಿಗೆ ಬೊಪ್ಪಣ ಪಂಡಿತನೆಂಬ ಕವಿ ಈ ಮೂರ್ತಿಯ ಬಗ್ಗೆ ಕನ್ನಡದಲ್ಲಿ ಪದ್ಯಗಳನ್ನು ಬರೆದ, ಅವನ್ನು ಇಲ್ಲಿಯೇ ಶಾಸನವಾಗಿ ಕೆತ್ತಲಾಗಿದೆ. ಅವುಗಳಲ್ಲಿ ಒಂದು ಪದ್ಯ ನನ್ನ ದೃಷ್ಟಿಯಲ್ಲಿ ಕನ್ನಡದಲ್ಲಿ ಬಂದ ಅತ್ಯಂತ ಬಿಗಿಯಾದ ಸೌಂದರ್ಯವಿಚಾರ. ಅದರ ತರ್ಕ ಹೀಗಿದೆ: ಆಕೃತಿ ತೀರ ಎತ್ತರವಾದರೆ ಅದರಲ್ಲಿ ಚೆಲುವು ಇರದು, ಎತ್ತರವೂ ಚೆಲುವೂ ಕೂಡಿದರೂ ಅತಿಶಯ, ಅಂದರೆ ದೈವಿಕ ಮಹಿಮೆ, ಇರದು, ಎತ್ತರ, ಚೆಲುವು, ಅತಿಶಯ ಮೂರೂ ಇಲ್ಲಿ ಒಟ್ಟಾಗಿ ನಿಂತಿರುವುದರಿಂದ ಈ ರೂಪಕ್ಕೆ ಈ ರೂಪವೇ ಉಪಮಾನ. ಇಲ್ಲಿ ಭಕ್ತಿಯ ಹೊಗಳಿಕೆಯಷ್ಟೇ ಇಲ್ಲ. ಎತ್ತರವೇ ಚೆಲುವಿನ ವೈರಿ ಎಂಬ ಆಕ್ಷೇಪವನ್ನು ಕವಿ ತಾನೇ ಎತ್ತಿಕೊಂಡು ಉತ್ತರಿಸುತ್ತಿದ್ದಾನೆ. ಅವನ ಮೂರು ಪದಗಳನ್ನು ಮೂರು ಪ್ರಶ್ನೆಗಳನ್ನಾಗಿ ಮಾಡಿಕೊಂಡು ಮೂರ್ತಿಯನ್ನು ಇನ್ನೊಮ್ಮೆ ನೋಡಿ: ಎತ್ತರ ಎಲ್ಲಿ ಬೆದರಿಸುತ್ತದೆ, ತುಟಿಯಂಚಿನ ಮುಗುಳ್ನಗೆ ಆ ಬೆದರಿಕೆಯನ್ನು ಎಲ್ಲಿ ತಗ್ಗಿಸುತ್ತದೆ, ತೊಡೆಯವರೆಗೆ ಬೆಳೆದ ಹುತ್ತ ಮತ್ತು ತೋಳಿಗೆ ಹಬ್ಬಿದ ಮಾಧವೀ ಬಳ್ಳಿ ಏನು ಹೇಳುತ್ತವೆ? ಬಳ್ಳಿ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಅದು ಕಾಲದ ಗುರುತು. ಬಳ್ಳಿ ಮೈಯೇರುವಷ್ಟು ಹೊತ್ತು ಆತ ಅಲುಗಾಡಿಲ್ಲ. ಆಸೆಯಿಂದ, ಬಳಕೆಯ ಲಾಭದಿಂದ ಬಿಡಿಸಿಕೊಂಡ ಸಂತೋಷವೇ ಚೆಲುವಿನ ಸಂತೋಷ ಎಂದು ಜರ್ಮನಿಯ ಕ್ಯಾಂಟ್ 1790ರಲ್ಲಿ ವಾದಿಸಿದ. ಕ್ಯಾಂಟ್ ನೋಡುವವನಿಂದ ಕೇಳುವ ನಿರ್ಲಿಪ್ತಿಯನ್ನು ಇಲ್ಲಿ ಮೂರ್ತಿಯೇ ಧರಿಸಿ ನಿಂತಿದೆ ಎಂದು ನನಗೆ ಅನ್ನಿಸಿದೆ. ಈ ಮಾತನ್ನು ಒಪ್ಪದವರು ಬೆಟ್ಟ ಇಳಿಯುವಾಗ ವಾದಿಸಲು ಬೇಕಾದಷ್ಟು ಮೆಟ್ಟಿಲುಗಳಿವೆ.

ಮಧ್ಯಾಹ್ನದ ಊಟ ಮುಗಿಸಿ ಹಾಸನದ ಮೇಲೆ ಬೇಲೂರು ತಲುಪಿದರೆ, ದೇವಸ್ಥಾನದ ಪಶ್ಚಿಮದ ಗೋಡೆಗಳಿಗೆ ಓರೆಬಿಸಿಲು ಬೀಳುವ ಹೊತ್ತಾಗಿರುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಹೆಸರಿನಲ್ಲೇ ಚೆಲುವಿದೆ. ಚೆನ್ನ ಎಂದರೆ ಚೆಲುವ. ಇಲ್ಲಿ ಬೆಳಗ್ಗೆ ಬಳಸಿದ ಪ್ರಶ್ನೆಗಳನ್ನು ಮಡಿಸಿ ಚೀಲಕ್ಕೆ ಹಾಕಿ. ಗೊಮ್ಮಟನನ್ನು ನೋಡಿ ಬಂದ ಕಣ್ಣಿಗೆ ಬೇಲೂರು ಮೊದಲ ಹತ್ತು ನಿಮಿಷ ಗದ್ದಲವೆನಿಸುತ್ತದೆ, ಆ ಕಸಿವಿಸಿಯನ್ನು ಅಡಗಿಸದೆ ಬರೆದಿಡಿ. ಅದು ನಿಮ್ಮ ಜೊತೆ ಬೆಟ್ಟದಿಂದ ಇಳಿದುಬಂದ ಅಳತೆಗೋಲಿನ ಕೆಲಸ, ಕಲ್ಲಿನ ತಪ್ಪಲ್ಲ. ಕ್ಯಾಂಟ್ ಒಂದು ಕಡೆ, ಒಂದು ಕಟ್ಟಡಕ್ಕೆ ಕಣ್ಣಿಗೆ ಹಿತವಾಗುವ ಎಷ್ಟೋ ಸಂಗತಿಗಳನ್ನು ಸೇರಿಸಬಹುದಿತ್ತು, ಅದು ಚರ್ಚ್ ಆಗದಿದ್ದರೆ, ಎನ್ನುತ್ತಾನೆ. ದೇವರ ಮನೆಗೆ ಅತಿಯಾದ ಒಡವೆ ಸಲ್ಲದು ಎಂಬುದು ಅವನಿಗೆ ಸಹಜವಾಗಿ ತೋರಿದ ಮಾತು. ನಮ್ಮ ಕಡೆ ಅಲಂಕಾರಪ್ರಿಯೋ ವಿಷ್ಣುಃ ಎನ್ನುತ್ತಾರೆ. ಸಂಸ್ಕೃತದಲ್ಲಿ ಅಲಂ ಎಂದರೆ ಸಾಕು ಎಂದರ್ಥ. ಅಲಂಕಾರವೆಂದರೆ ಸಾಕಾಗುವಂತೆ, ತುಂಬುವಂತೆ ಮಾಡುವುದು. ಈ ಎಣಿಕೆಯಲ್ಲಿ ಒಡವೆ ತೊಡದ ಗೋಡೆ ಸರಳವಾದದ್ದಲ್ಲ, ಇನ್ನೂ ಮುಗಿಯದೇ ಉಳಿದದ್ದು.

ಆದ್ದರಿಂದ ಬೇಲೂರಿನಲ್ಲಿ ದೂರದಿಂದ ನೋಡಿ ಆಮೇಲೆ ಹತ್ತಿರ ಹೋಗುವ ಕ್ರಮವನ್ನು ತಿರುಗಿಸಿ. ದೂರದ ಬೆಟ್ಟ ನುಣ್ಣಗೆ ಎಂಬುದು ಇಲ್ಲಿ ಸುಳ್ಳು, ಹತ್ತಿರ ಹೋದಷ್ಟೂ ಇಲ್ಲಿ ನುಣುಪು ಹೆಚ್ಚುತ್ತದೆ. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಒಂದು ಪ್ರದಕ್ಷಿಣೆಯನ್ನು ಗೋಡೆಯಿಂದ ಮೂರಡಿ ದೂರದಲ್ಲೇ ಮುಗಿಸಿ, ನಂತರ ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿರುವ ಮದನಿಕೆಯರನ್ನು ದುರ್ಬೀನಿನಲ್ಲಿ ನೋಡಿ. ಹೊರಗೆ 38, ಒಳಗೆ 4, ಒಟ್ಟು 42. ಎಲ್ಲರನ್ನೂ ನೋಡುವ ಹಟ ಬೇಡ, ಮೂವರು ಸಾಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದರಿಂದಲೇ ಹಾರದ ಒಂದೊಂದು ಮಣಿಯ ಹಿಂದೆಯೂ ಉಳಿ ಆಡಿಸಲು ಶಿಲ್ಪಿಗೆ ಸಾಧ್ಯವಾಯಿತು. ಗೊಮ್ಮಟನನ್ನು ಕಡೆದ ಗ್ರಾನೈಟ್ ಅಂಥ ಸಲಿಗೆ ಕೊಡುವುದಿಲ್ಲ. ನಾವು ಎರಡು ಅಭಿರುಚಿ ಎಂದುಕೊಳ್ಳುವ ವ್ಯತ್ಯಾಸದಲ್ಲಿ ಎರಡು ಕಲ್ಲುಗಳ ಪಾಲೂ ಇದೆ. ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳನ್ನೂ, ಎದುರಾಳಿ ಶಿಲ್ಪಿಗಳನ್ನು ಸೋಲಿಸುವವರೆಂಬ ಅರ್ಥದ ಬಿರುದುಗಳನ್ನೂ ಹುಡುಕಿ. ಭಾರತದ ಶಿಲ್ಪಿಗಳು ತಮ್ಮ ಹೆಸರನ್ನು ಮರೆಸಿಕೊಂಡವರು ಎಂಬ ಮಾತು ಹೊಯ್ಸಳರ ಸೀಮೆಗೆ ಅನ್ವಯಿಸುವುದಿಲ್ಲ. ಇಲ್ಲಿ ಕೈಚಳಕ ಚೆಲುವಿನ ಒಂದು ಅಂಗವೇ, ಪೈಪೋಟಿ ಅದರ ಇಂಧನ. ನನ್ನ ನೋಟ್ ಪುಸ್ತಕದಲ್ಲಿ ಬೇಲೂರಿಗೆ ಹೆಚ್ಚು ಸಲ ಬಿದ್ದಿರುವ ಪದ ಬೆಡಗು.

ಒಂದು ಕಾಲಕ್ಕೆ ಒಂದೇ ಅಭಿರುಚಿ ಇರುತ್ತದೆ ಎಂದುಕೊಳ್ಳುವವರು ಜಗತಿಯ ಮೆಟ್ಟಿಲಿನ ಮೇಲೆ ಕುಳಿತು ಇನ್ನೊಂದನ್ನು ನೆನೆಯಬೇಕು. ಈ ಗೋಡೆಗಳು ಎದ್ದ ಶತಮಾನದಲ್ಲೇ ಉತ್ತರದ ಕಲ್ಯಾಣದಲ್ಲಿ ಬಸವಣ್ಣನವರು ದೇಹವನ್ನೇ ದೇಗುಲವೆಂದು, ಶಿರವನ್ನೇ ಹೊನ್ನ ಕಳಸವೆಂದು ಕರೆದು, ಸ್ಥಾವರಕ್ಕೆ ಅಳಿವುಂಟು ಎಂದರು. ಅಕ್ಕಮಹಾದೇವಿ ಒಲಿದದ್ದು ರೂಹಿಲ್ಲದ ಚೆಲುವನಿಗೆ. ರೂಪವೇ ಇಲ್ಲದವನು ಚೆಲುವನಾಗುವುದು ಹೇಗೆ ಎಂಬ ಪ್ರಶ್ನೆಗೆ ತಾಲಮಾನದಲ್ಲೂ ಉತ್ತರವಿಲ್ಲ, ಹ್ಯೂಮನಲ್ಲೂ ಇಲ್ಲ. ಮದನಿಕೆಯನ್ನೂ ಆ ಮಾತನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂರುವುದು ಕಷ್ಟ, ಆದರೂ ಕೂತು ನೋಡಿ.

ರಾತ್ರಿ ತಂಗಿದ ಕಡೆ ಮಾಡಬೇಕಾದ ಕೆಲಸ ಚಿಕ್ಕದು. ಆ ದಿನ ನಿಮಗೆ ಹಿಡಿಸದೇ ಹೋದ ಒಂದು ಶಿಲ್ಪವನ್ನು ಹೆಸರಿಸಿ, ಯಾವ ನಿರೀಕ್ಷೆ ಮುರಿದುದರಿಂದ ಹಿಡಿಸಲಿಲ್ಲ ಎಂದು ಬರೆಯಿರಿ. ಇದರ ಅಗತ್ಯ ತೋರಿಸಲು ಒಂದು ಘಟನೆ ಸಾಕು. 1910ರ ಜನವರಿಯಲ್ಲಿ ಲಂಡನ್ನಿನಲ್ಲಿ ಇ. ಬಿ. ಹ್ಯಾವೆಲ್ ಭಾರತೀಯ ಕಲೆಯ ಬಗ್ಗೆ ಉಪನ್ಯಾಸ ಕೊಟ್ಟಾಗ, ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ಬರ್ಡ್‌ವುಡ್ ಜಾವಾದ ಬೊರೊಬುದೂರಿನ ಧ್ಯಾನಸ್ಥ ಬುದ್ಧನ ಚಿತ್ರವನ್ನು ತೋರಿಸಿ, ಕೊಬ್ಬು ಹಾಕಿ ಬೇಯಿಸಿದ ಕಡುಬು ಕೂಡ ಆತ್ಮದ ಪ್ರಶಾಂತಿಗೆ ಇಷ್ಟೇ ಒಳ್ಳೆಯ ಸಂಕೇತವಾದೀತು ಎಂಬರ್ಥದ ಮಾತನ್ನಾಡಿದ. ವಿಲಿಯಂ ರೋಥೆನ್‌ಸ್ಟೈನ್ ಸೇರಿದಂತೆ 13 ಮಂದಿ ಅದನ್ನು ವಿರೋಧಿಸಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು, ಅದೇ ವರ್ಷ ಅಲ್ಲಿ ಇಂಡಿಯಾ ಸೊಸೈಟಿ ಹುಟ್ಟಿತು. ಬರ್ಡ್‌ವುಡ್‌ಗೆ ಭಾರತ ಗೊತ್ತಿರಲಿಲ್ಲ ಎಂದು ತಳ್ಳಿಹಾಕುವಂತಿಲ್ಲ. ಇಲ್ಲಿನ ಕರಕುಶಲ ಕಲೆಗಳ ಬಗ್ಗೆ ಪ್ರೀತಿಯಿಂದ ದೊಡ್ಡ ಪುಸ್ತಕವನ್ನೇ ಬರೆದವನು ಆತ. ದೇಹದ ಸ್ನಾಯುಗಳನ್ನು ಬಿಡಿಸಿ ತೋರಿಸುವ ಗ್ರೀಕ್ ಶಿಲ್ಪದಿಂದ ತಂದ ಅಳತೆಗೋಲು ಅವನ ಕೈಯಲ್ಲಿತ್ತು, ಸ್ನಾಯುಗಳನ್ನು ಬೇಕೆಂದೇ ಕರಗಿಸಿದ ಮೂರ್ತಿ ಆ ಕೋಲಿಗೆ ಕಡುಬಾಗಿ ಕಂಡಿತು. ಬೆಳಗ್ಗೆ ಗೊಮ್ಮಟನ ಮೊಣಕಾಲಿನ ಬಗ್ಗೆ ನಾನು ಆಡಿದ ದೂರನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಎರಡನೆಯ ದಿನ ಬೆಳಗ್ಗೆ ಹಳೇಬೀಡು. ಬೇಲೂರಿನಿಂದ ಸುಮಾರು 16 ಕಿಲೋಮೀಟರ್. ಹೊಯ್ಸಳೇಶ್ವರ ಶಿವನ ಆಲಯವಾದರೂ ವಿಷ್ಣುವಿನದಕ್ಕಿಂತ ಹೆಚ್ಚು ಒಡವೆ ತೊಟ್ಟಿದೆ, ಅಲಂಕಾರಪ್ರಿಯ ವಿಷ್ಣು ಅಭಿಷೇಕಪ್ರಿಯ ಶಿವ ಎಂಬ ಗಾದೆಯಂಥ ಮಾತು ಇಲ್ಲಿ ಸೋಲುತ್ತದೆ. ಜೇಮ್ಸ್ ಫರ್ಗ್ಯುಸನ್ 1876ರ ತನ್ನ ವಾಸ್ತುಚರಿತ್ರೆಯಲ್ಲಿ ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಎದುರಿಗೆ ಇಟ್ಟು, ಎರಡೂ ತಮ್ಮ ತಮ್ಮ ವರ್ಗದಲ್ಲಿ ಶ್ರೇಷ್ಠ, ಆದರೆ ವಾಸ್ತುಕಲೆಯ ಎರಡು ವಿರುದ್ಧ ತುದಿಗಳು ಎಂದ. ಬರ್ಡ್‌ವುಡ್‌ಗಿಂತ ಮೂರು ದಶಕ ಮೊದಲೇ ಒಬ್ಬ ಯುರೋಪಿಯನ್ ಎರಡು ಅಳತೆಗೋಲುಗಳನ್ನು ಎರಡು ಕೈಯಲ್ಲಿ ಹಿಡಿಯಬಲ್ಲವನಾಗಿದ್ದ ಎಂಬುದು ಗಮನಿಸತಕ್ಕದ್ದು. ಇಲ್ಲಿ ಹತ್ತು ಅಡಿ ಉದ್ದದ ಒಂದೇ ಒಂದು ಗೋಡೆಯ ತುಂಡನ್ನು ಆರಿಸಿಕೊಂಡು, ತಳದ ಆನೆಗಳ ಸಾಲಿನಿಂದ ಮೇಲಕ್ಕೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸ ಎಂದು ಪಟ್ಟಿಕೆ ಪಟ್ಟಿಕೆಯಾಗಿ ಓದಿ. ಕೆಳಗೆ ಓರಣ, ಮೇಲೆ ದೊಡ್ಡ ಮೂರ್ತಿಗಳಲ್ಲಿ ಬೆಡಗು. ಒಂದೇ ಗೋಡೆ ಎರಡು ಪದಗಳನ್ನು ಬೇಡುತ್ತದೆ.

ಆಮೇಲೆ ಉಗ್ರನರಸಿಂಹನನ್ನು ಹುಡುಕಿ ಎದುರು ನಿಲ್ಲಿ. ಎರಡನೆಯ ಪುಟದ ಏಳು ಪದಗಳಲ್ಲಿ ಯಾವುದೂ ಇಲ್ಲಿ ಹೊಂದುವುದಿಲ್ಲ. ಕರುಳಿನಲ್ಲಿ ಸೊಬಗೆಲ್ಲಿ, ಲಾವಣ್ಯವೆಲ್ಲಿ? ಈ ಇಕ್ಕಟ್ಟಿನಿಂದ ದಾಟಿಸುವುದು ನಾಟ್ಯಶಾಸ್ತ್ರದ ಭರತಮುನಿಯ ರಸವಿಚಾರ. ಅವನು ಹೇಳಿದ ಎಂಟು ರಸಗಳಲ್ಲಿ ಶೃಂಗಾರದ ಜೊತೆಗೆ ರೌದ್ರ, ಭಯಾನಕ, ಬೀಭತ್ಸಗಳೂ ಸಮಾನವಾಗಿ ಕುಳಿತಿವೆ. ಕಣ್ಣಿಗೆ ಹಿತವಾದದ್ದೇ ಕಲೆಯ ಗುರಿ ಎಂದಿದ್ದರೆ ಬೀಭತ್ಸಕ್ಕೆ ಅಲ್ಲಿ ಮಣೆ ಹಾಕುವ ಕಾರಣವೇ ಇರಲಿಲ್ಲ. ವಸ್ತು ಅಸಹ್ಯವಾದರೂ ಅದರ ಅನುಭವ ನಮ್ಮ ಸ್ವಂತ ಭಯ, ಜುಗುಪ್ಸೆಗಳಿಂದ ಬಿಡುಗಡೆಗೊಂಡು ಆಸ್ವಾದವಾಗಬಲ್ಲದು ಎಂಬ ಈ ನಿಲುವು, ಚೆಲುವು ಎಂಬ ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸಿ ಬೇರೊಂದನ್ನು ಕೇಳುತ್ತದೆ: ಇಲ್ಲಿ ಯಾವ ರಸ, ಅದು ಎಷ್ಟು ಮಟ್ಟಿಗೆ ತುಂಬಿದೆ? ಭರತನ ವ್ಯಾಖ್ಯಾನಕಾರ ಅಭಿನವಗುಪ್ತ ಎತ್ತಿಹಿಡಿದ ಒಂಬತ್ತನೆಯ ಶಾಂತರಸವನ್ನು ನೀವು ಹಿಂದಿನ ಬೆಳಗ್ಗೆಯೇ ಬೆಟ್ಟದ ಮೇಲೆ ಕಂಡಿದ್ದೀರಿ. ನೋಟ್ ಪುಸ್ತಕದಲ್ಲಿ ಏಳು ಪದಗಳ ಪಕ್ಕಕ್ಕೆ ಒಂಬತ್ತು ರಸಗಳ ಇನ್ನೊಂದು ಸಾಲು ಬರೆದು, ಈವರೆಗೆ ನೋಡಿದ್ದನ್ನೆಲ್ಲ ಅದರಡಿಯಲ್ಲಿ ಮತ್ತೆ ಹಂಚಿ. ಕೆಲವು ಮದನಿಕೆಯರು ಶೃಂಗಾರದಿಂದ ಹಾಸ್ಯಕ್ಕೆ ಜಾರುವುದನ್ನು ಆಗ ಗಮನಿಸುವಿರಿ.

ಪ್ರವಾಸದ ಬಸ್ಸುಗಳು ಇಲ್ಲಿಂದ ಹಿಂದಿರುಗುತ್ತವೆ. ನೀವು ಮಾತ್ರ ಒಂದು ಕಿಲೋಮೀಟರಿಗಿಂತ ಕಡಿಮೆ ದೂರದ ಬಸದಿಹಳ್ಳಿಗೆ ನಡೆಯಿರಿ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸಿದ ಗಂಗರಾಜನ ಮಗ; ತಂದೆಯ ನೆನಪಿಗಾಗಿ ಇದನ್ನು ಕಟ್ಟಿಸಿದ. ಅದೇ ರಾಜಧಾನಿ, ಅದೇ ಅರಸನ ಕಾಲ, ಅದೇ ಬಳಪದ ಕಲ್ಲು. ಹೊರಗೋಡೆಯಲ್ಲಿ ಆನೆಯಿಲ್ಲ, ಮದನಿಕೆಯಿಲ್ಲ. ಕಲ್ಲಿನ ಪಾಲು ಇಷ್ಟು, ಕಾಲದ ಪಾಲು ಇಷ್ಟು ಎಂದು ನಿನ್ನೆಯಿಂದ ಹಾಕಿಕೊಂಡು ಬಂದ ಲೆಕ್ಕಗಳೆಲ್ಲ ಈ ಬೋಳು ಗೋಡೆಯ ಮುಂದೆ ಮತ್ತೆ ಬಿಚ್ಚಿಕೊಳ್ಳುತ್ತವೆ, ಏಕೆಂದರೆ ಇಲ್ಲಿ ಬೇರೆಯಾಗಿರುವುದು ಒಳಗಿರುವ ದೇವರು ಯಾರು ಎಂಬುದೊಂದೇ. ಒಳಗೆ ನವರಂಗವೆಂಬ ಮಂಟಪದಲ್ಲಿ ಚರಕಿಯಲ್ಲಿ ತಿರುಗಿಸಿದಂಥ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಹತ್ತಿರ ನಿಂತರೆ ನಿಮ್ಮದೇ ಬಿಂಬ ಉದ್ದವಾಗಿ, ಡೊಂಕಾಗಿ, ತಾಲಮಾನ ಪೂರ್ತಿ ತಪ್ಪಿ ಕಾಣುತ್ತದೆ. ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳಲು ಐದು ನಿಮಿಷ ಕೊಟ್ಟು, ನಂತರ ಕೊನೆಯ ಪದವನ್ನು ಬರೆಯಿರಿ. ನನ್ನ ಪುಸ್ತಕದ ಆ ಪುಟದಲ್ಲಿ ಒಪ್ಪ ಎಂದು ಬರೆದು, ಹೊಳಪಿಗೋ ಹೊಂದಿಕೆಗೋ ಎಂದು ತೀರ್ಮಾನಿಸಲಾಗದೆ ಹೊಡೆದುಹಾಕಿ, ಕೆಳಗೆ ಮತ್ತೆ ಅದನ್ನೇ ಬರೆದಿದೆ.